ಗ್ರಾಫ್ ಕೈಕೊಟ್ಟಾಗ ನಾನು ಮಾಡುವುದು

ಪೈಥಾನ್‌ನಲ್ಲಿ ಗ್ರಾಫ್ ಬಿಡಿಸಲು ನಾನು ಬಳಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್. ಅದರ ಗ್ರಾಫ್ ಕಿಟಕಿ ಖಾಲಿ ಬಂದರೆ ಮೊದಲೆಲ್ಲ ನನಗೆ ಕೈಕಾಲೇ ಆಡುತ್ತಿರಲಿಲ್ಲ. ಲೈಬ್ರರಿ ಕಿತ್ತು ಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವುದು, ಎಡಿಟರ್ ಮುಚ್ಚಿ ತೆರೆಯುವುದು, ಹೀಗೇ ಅರ್ಧ ದಿನ ಸುಮ್ನೆ ಹಾಳು. ಈಗ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಏನೇ ಎಡವಟ್ಟಾದರೂ ಮೊದಲು ಕಿಟಕಿಯ ಗೊಡವೆಗೇ ಹೋಗುವುದಿಲ್ಲ. ಅದೇ ಚಿತ್ರವನ್ನು ಸೇವ್‌ಫಿಗ್ ಬಳಸಿ ಪಿಎನ್‌ಜಿ ಫೈಲಿಗೆ ಹಾಕಿ ನೋಡುತ್ತೇನೆ. ಫೈಲಿನಲ್ಲಿ ಸರಿಯಿದ್ದರೆ ತೊಂದರೆ ತೋರಿಸುವ ಕಡೆ ಇದೆ. ಫೈಲಿನಲ್ಲೂ ಕೆಟ್ಟಿದ್ದರೆ ಕಿಟಕಿಯನ್ನು ಬೈದು ಏನೂ ಪ್ರಯೋಜನವಿಲ್ಲ.

ಈ ಪರೀಕ್ಷೆಯಲ್ಲೂ ನಾನು ಎಡವಿದ್ದೇನೆ. ಸೇವ್‌ಫಿಗ್ ಸಾಲನ್ನು ಕಿಟಕಿ ತೆರೆಯುವ ಶೋ ಆದ ಮೇಲೆ ಬರೆದಿದ್ದೆ. ಫೈಲು ಬೆಳ್ಳಗೆ ಬಂತು! ಕಿಟಕಿ ಮುಚ್ಚಿದ ಕೂಡಲೇ ಆ ಚಿತ್ರದ ಕಥೆ ಮುಗಿಯುತ್ತದೆ. ಆಮೇಲೆ ಸೇವ್‌ಫಿಗ್ ಕರೆದರೆ ಹೊಸದೊಂದು ಖಾಲಿ ಹಾಳೆ ಹುಟ್ಟಿ, ಅದೇ ಸೇವ್ ಆಗುತ್ತದೆ. ಹಾಗಾಗಿ ಮೊದಲು ಸೇವ್, ಆಮೇಲೆ ಶೋ.

ಫೈಲು ಸರಿಯಿದ್ದು ಕಿಟಕಿ ಬರದಿದ್ದರೆ ಚಿತ್ರ ಬರೆಯುವ ಒಳಭಾಗ, ಅಂದರೆ ಬ್ಯಾಕೆಂಡ್, ಯಾವುದು ಅಂತ ಗೆಟ್ ಬ್ಯಾಕೆಂಡ್ ಕರೆದು ಕೇಳಿ ನೋಡುತ್ತೇನೆ. 'ಆಗ್' ಅಂತ ಉತ್ತರ ಬಂದರೆ ವಿಷಯ ಅಲ್ಲಿಗೇ ಇತ್ಯರ್ಥ. ಅದು ಚಿತ್ರ ಬರೆಯುತ್ತದೆ, ಕಿಟಕಿ ತೆರೆಯುವುದಿಲ್ಲ. ಪರದೆಯೇ ಇಲ್ಲದ ಸರ್ವರ್‌ನಲ್ಲಿ ಅದು ಸರಿಯೇ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಯಾವಾಗಲೋ ಎಂಪಿಎಲ್‌ಬ್ಯಾಕೆಂಡ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಕೋಡಿನ ಹೊರಗಿರುವ ಸೆಟ್ಟಿಂಗ್) 'ಆಗ್' ಅಂತ ನಾನೇ ಹಾಕಿಟ್ಟು ಮರೆತಿದ್ದೆ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಖಾಲಿ ಕಿಟಕಿಯಲ್ಲ, ಚೆನ್ನಾಗಿ ಕಾಣುವ ತಪ್ಪು ಗ್ರಾಫ್. ಒಂದು ಸಲ ಸೆನ್ಸರ್‌ನ ಉಷ್ಣಾಂಶದ ದಾಖಲೆ ಹಾಕಿದೆ. ಏರಿಳಿಯಬೇಕಾದ ಗೆರೆ ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ, ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಹತ್ತಿತ್ತು. ಲೈಬ್ರರಿಯ ಬಗ್ ಅಂತಲೇ ಅಂದುಕೊಂಡೆ. ಫೈಲಿಗೆ ಹಾಕಿದರೂ ಅದೇ ಗೆರೆ. ಪಕ್ಕದ ಅಕ್ಷದಲ್ಲಿ ಸಂಖ್ಯೆಗಳು ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿಯಾಗಿದ್ದವು. ಹಿಗ್ಗಿಸಿದೆ. ಕೆಳಗೆ 27.418, ಅದರ ಮೇಲೆ 26.907, ಅದರ ಮೇಲೆ 31.226. ದೊಡ್ಡದು ಚಿಕ್ಕದು ಅನ್ನುವ ಲೆಕ್ಕವೇ ಇಲ್ಲ, ಬಂದವರು ಬಂದ ಹಾಗೆ ಸಾಲಿನಲ್ಲಿ ನಿಂತಿದ್ದಾರೆ.

ಆಗ ಹೊಳೆಯಿತು. ಇವು ಸಂಖ್ಯೆಗಳೇ ಅಲ್ಲ, ಅಕ್ಷರಗಳು. ಸಿಎಸ್‌ವಿ ಫೈಲಿನ ಒಂದೇ ಒಂದು ಸಾಲಿನಲ್ಲಿ ಸೆನ್ಸರ್ ಸಂಖ್ಯೆಯ ಬದಲು ಎರಡು ಅಡ್ಡಗೆರೆ ಬರೆದಿತ್ತು. ಅದೊಂದರಿಂದಾಗಿ, ಫೈಲು ಓದಲು ನಾನು ಬಳಸುವ ಪಾಂಡಾಸ್ ಲೈಬ್ರರಿ ಇಡೀ ಕಾಲಂ ಅನ್ನು ಪಠ್ಯ ಅಂತ ಓದಿತು. ಪಠ್ಯ ಸಿಕ್ಕರೆ ಮ್ಯಾಟ್‌ಪ್ಲಾಟ್‌ಲಿಬ್ ಪ್ರತಿ ಹೊಸ ಪದಕ್ಕೂ 0, 1, 2 ಅಂತ ಒಂದೊಂದು ಜಾಗ ಕೊಡುತ್ತದೆ. ಯಾವ ಬೆಲೆಯೂ ಎರಡು ಸಲ ಬರದಿದ್ದರೆ ನೆಟ್ಟನೆ ಗೆರೆ ಬರದೆ ಇನ್ನೇನು ಬರುತ್ತದೆ, ಅಲ್ವಾ? ಪಠ್ಯವನ್ನು ಸಂಖ್ಯೆಯಾಗಿಸುವ ಟು ನ್ಯೂಮರಿಕ್ ಹಾಕಿ, ಸಂಖ್ಯೆಯಾಗದ್ದನ್ನು ಖಾಲಿ ಬಿಡಲು ಎರರ್ಸ್ ಅನ್ನುವಲ್ಲಿ ಕೋಅರ್ಸ್ ಕೊಟ್ಟೆ. ಆ ಸಾಲು ಖಾಲಿ ಬೆಲೆಯಾಯಿತು, ಗೆರೆಗೆ ಜೀವ ಬಂತು. ಈಗ ಗ್ರಾಫ್ ಹಾಕುವ ಮುಂಚೆ ಯಾವ ಕಾಲಂ ಸಂಖ್ಯೆ, ಯಾವುದು ಪಠ್ಯ ಅಂತ ಹೇಳುವ ಡಿಟೈಪ್ಸ್ ನೋಡದೆ ಮುಂದೆ ಹೋಗುವುದಿಲ್ಲ.

ಕನ್ನಡದ ಲೇಬಲ್ ಇನ್ನೊಂದು ತಲೆನೋವು. ಮೊದಲು ಬರೀ ಚೌಕಗಳು ಬಂದವು. ಅದು ಸುಲಭ: ಮೊದಲೇ ಇರುವ ಡೇಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಹಾಕಿದೆ. ಹಳೆಯ ಫಾಂಟ್ ಕ್ಯಾಶ್ (ಲೈಬ್ರರಿ ಉಳಿಸಿಟ್ಟುಕೊಂಡ ಫಾಂಟುಗಳ ಪಟ್ಟಿ) ಅಳಿಸುವ ತನಕ ಅದೂ ಕಾಣಿಸಲಿಲ್ಲ. ಕೊನೆಗೆ ಅಕ್ಷರ ಬಂತು, ಆದರೆ 'ಉಷ್ಣಾಂಶ'ದಲ್ಲಿ ಣ ಒತ್ತಾಗಿ ಕೆಳಗೆ ಹೋಗದೆ ಷ್ ಪಕ್ಕದಲ್ಲೇ ಪೂರ್ತಿ ಅಕ್ಷರವಾಗಿ ಕೂತಿತ್ತು. ನಾನು ಬಳಸುತ್ತಿದ್ದ ಆವೃತ್ತಿ ಒಂದೊಂದೇ ಅಕ್ಷರ ತೆಗೆದು ಜೋಡಿಸುತ್ತಿತ್ತು, ಒತ್ತಕ್ಷರ ಕಟ್ಟುವ ಕೆಲಸ ಅದಕ್ಕೆ ಬರುತ್ತಿರಲಿಲ್ಲ. ಫಾಂಟ್ ಬದಲಿಸುತ್ತಾ ಕೂತರೆ ಇದು ಸರಿಹೋಗುವುದಿಲ್ಲ. ನಾನು ಬ್ರೌಸರಿನಲ್ಲಿ ತೆರೆಯಬಹುದಾದ ಎಸ್‌ವಿಜಿ ಚಿತ್ರವಾಗಿ ಸೇವ್ ಮಾಡಿ, ಅದರ ಫಾಂಟ್‌ಟೈಪ್ ಸೆಟ್ಟಿಂಗ್ 'ನನ್' (none) ಅಂತ ಇಟ್ಟೆ. ಆಗ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ, ಒತ್ತಕ್ಷರವನ್ನು ಬ್ರೌಸರ್ ಕಟ್ಟಿಕೊಳ್ಳುತ್ತದೆ. ನೋಡುವವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಬೇಕು, ಅಷ್ಟೆ.

ಲೂಪಿನಲ್ಲಿ ಗ್ರಾಫ್ ಹಾಕುವವರಿಗೆ ಒಂದು ಮಾತು: 20ಕ್ಕಿಂತ ಜಾಸ್ತಿ ಚಿತ್ರ ತೆರೆದರೆ ಬರುವ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಬೇಡಿ. ಕೆಲಸ ಮುಗಿದ ಚಿತ್ರವನ್ನು ಮುಚ್ಚಲು ಕ್ಲೋಸ್ ಹಾಕಿ. ಇಲ್ಲದಿದ್ದರೆ ಮೆಮೊರಿ ತುಂಬುತ್ತಾ ಹೋಗುತ್ತದೆ.

ಯಾವುದಕ್ಕೂ ಜಗ್ಗದ ಬಗ್ ಇದ್ದರೆ ಕೋಡನ್ನು ಹತ್ತು ಸಾಲಿಗೆ ಇಳಿಸುತ್ತೇನೆ. ಮೊನ್ನೆ ಒಂದು ಅನಿಮೇಷನ್ ಮೊದಲ ಚಿತ್ರಕ್ಕೇ ನಿಂತುಬಿಟ್ಟಿತ್ತು. ಹತ್ತು ಸಾಲಿಗೆ ಇಳಿಸಿದರೆ ಸಲೀಸಾಗಿ ಓಡಿತು. ಬಿಟ್ಟಿದ್ದ ಸಾಲುಗಳನ್ನು ಒಂದೊಂದಾಗಿ ವಾಪಸ್ ಸೇರಿಸುತ್ತಾ ಬಂದೆ. ಎಲ್ಲವನ್ನೂ ಒಂದು ಫಂಕ್ಷನ್ ಒಳಗೆ ಹಾಕಿದ ಕ್ಷಣ ಮತ್ತೆ ನಿಂತಿತು. ಅನಿಮೇಷನ್ ಇದ್ದ ವೇರಿಯಬಲ್ ಫಂಕ್ಷನ್ ಮುಗಿದ ಕೂಡಲೇ ಮಾಯವಾಗುತ್ತಿತ್ತು, ಅದರ ಜೊತೆ ಅನಿಮೇಷನ್ ಕೂಡ. ಕೊನೆಗೆ ಒಂದು ರಿಟರ್ನ್ ಸೇರಿಸಿ, ಕರೆದ ಕಡೆ ಅದನ್ನು ಹಿಡಿದಿಟ್ಟುಕೊಂಡೆ. ಓಡಿತು.