ಟೆಂಟ್ ಕಟ್ಟಿಕೊಂಡು ಹೋಗೋಕೆ ಮಡಚುವ ಸೈಕಲ್: ನಮ್ಮ ಕಡೆ ದಾರಿಗೆ ಯಾವುದು ಸರಿ?

ಬಸ್ಸೋ ರೈಲೋ ಹಿಡಿದು ಗಂಗಾವತಿಗೆ ಬರೋದು, ಅಲ್ಲಿಂದ ಸೈಕಲ್ ತುಳಿದು ಸಣಾಪುರದ ಕಡೆ ಹೋಗಿ ಒಂದು ರಾತ್ರಿ ಟೆಂಟಿನಲ್ಲಿ ಮಲಗೋದು, ಮರುದಿನ ಆನೆಗೊಂದಿ ಸುತ್ತಿ ವಾಪಸ್. ಇಂಥ ಆಸೆ ಇರುವವರು ಈಗ ಜಾಸ್ತಿ ಆಗಿದ್ದಾರೆ, ಅವರಲ್ಲಿ ಬಹಳ ಜನ ಕೇಳುವುದು ಮಡಚುವ ಸೈಕಲ್ ಬಗ್ಗೆ. ಒಳ್ಳೆಯ ಯೋಚನೆಯೇ. ಆದರೆ ಈ ಸೈಕಲ್ಲುಗಳು ಹುಟ್ಟಿದ್ದು ದೊಡ್ಡ ಸಿಟಿಯವರಿಗಾಗಿ. ಮನೆಯಿಂದ ಸ್ಟೇಷನ್, ಸ್ಟೇಷನ್ನಿಂದ ಆಫೀಸು, ಮೇಜಿನ ಕೆಳಗೆ ಸೇರಿಸಿದರೆ ಮುಗೀತು. ನಮ್ಮ ಕಡೆ ಬಳ್ಳಾರಿ ಜಾಲಿ ಇದೆ, ಎರೆ ಮಣ್ಣಿದೆ, ಅದಿರು ಲಾರಿ ಓಡಿ ಕಿತ್ತುಹೋದ ರಸ್ತೆ ಇದೆ. ಹಾಗಾಗಿ ಸೈಕಲ್ ಎಷ್ಟು ಚಿಕ್ಕದಾಗಿ ಮಡಚುತ್ತೆ ಅನ್ನುವುದಕ್ಕಿಂತ, ಕೆಟ್ಟಾಗ ಸಿಂಧನೂರಿನಲ್ಲೋ ಕೊಪ್ಪಳದಲ್ಲೋ ಅದು ರಿಪೇರಿ ಆಗುತ್ತಾ ಅನ್ನುವುದನ್ನು ಮೊದಲು ನೋಡಿ. ಉಳಿದದ್ದೆಲ್ಲ ಆಮೇಲೆ.

ಹಂತ 1: ಹೇಗೆ ಹೋಗ್ತೀರಿ ಅಂತ ತೀರ್ಮಾನಿಸಿ

ಸ್ವಂತ ಕಾರು ಇದ್ದರೆ ಡಿಕ್ಕಿಯನ್ನು ಟೇಪ್ ಹಿಡಿದು ಅಳೆಯಿರಿ. ಸಿಎನ್‌ಜಿ ಕಿಟ್ ಇರುವ ಕಾರಾದರೆ ಡಿಕ್ಕಿ ಅರ್ಧ ಹೋಯ್ತು ಅಂತಲೇ ಲೆಕ್ಕ. 20 ಇಂಚು ಗಾಲಿಯ ಸೈಕಲ್ ಮಡಚಿದರೆ ಸುಮಾರು 80 ಸೆಂ.ಮೀ. ಉದ್ದ, 65 ಎತ್ತರ, 30ರಿಂದ 40 ದಪ್ಪ ಆಗುತ್ತದೆ.

ರೈಲಿಗೆ ಬೇರೆ ಲೆಕ್ಕ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆ, ಸೂಟ್‌ಕೇಸಿಗೆ ರೈಲ್ವೆ ಇಟ್ಟಿರುವ ಅಳತೆ 100×60×25 ಸೆಂ.ಮೀ. ಸ್ಲೀಪರಿನಲ್ಲಿ ಪುಕ್ಕಟೆ ಒಯ್ಯಬಹುದಾದ ತೂಕ 40 ಕೆ.ಜಿ. ತೂಕದ ತೊಂದರೆ ಏನಿಲ್ಲ, ದಪ್ಪದ್ದೇ ತಕರಾರು. ಚಿಕ್ಕದಾಗಿ ಮಡಚುವುದಕ್ಕೆ ಹೆಸರಾದ ಬ್ರಾಂಪ್ಟನ್ ಕೂಡ ಸುಮಾರು 27 ಸೆಂ.ಮೀ. ದಪ್ಪ ಇರುತ್ತದೆ. ಅಂದರೆ ನಿಯಮವನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ಬಹಳಷ್ಟು ಸೈಕಲ್ಲುಗಳು ಪಾಸಾಗುವುದಿಲ್ಲ. ಬಟ್ಟೆ ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ, ಬಾಗಿಲ ಬಳಿ ಬಿಡದೆ ಸೀಟಿನ ಪಕ್ಕ ಯಾರ ಕಾಲಿಗೂ ಸಿಗದ ಹಾಗೆ ಇಡಿ, ಟಿಟಿಇ ಕೇಳಿದರೆ ಲಗೇಜು ಹಣ ಕಟ್ಟುವುದಕ್ಕೂ ತಯಾರಿರಿ. ಇನ್ನೊಂದು ಮಾತು, ಕ್ಯಾಂಪಿಂಗ್ ಸ್ಟೋವಿನ ಗ್ಯಾಸ್ ಡಬ್ಬಿ ರೈಲಿನಲ್ಲಿ ಒಯ್ಯುವಂತಿಲ್ಲ.

ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಲಗೇಜು ಟಿಕೆಟ್ ಹರಿಯಬಹುದು, ಹರಿಯಲಿ ಬಿಡಿ. ಸಂತೆ ದಿನ ಬಿಟ್ಟು ಹತ್ತಿ ಅಷ್ಟೇ.

ಹಂತ 2: ಗಾಲಿ ನೋಡಿ, ಗಾಲಿಯ ಮೇಲಿನ ನಂಬರ್ ನೋಡಿ

ಅಂಗಡಿಯವರು ನಿಮಗೆ ಹೇಳದೇ ಇರುವ ವಿಷಯ ಇದು. "20 ಇಂಚು" ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಅಳತೆಯ ಗಾಲಿ ಮಾರಾಟ ಆಗುತ್ತವೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದೇ ಇಲ್ಲ. ಟೈರಿನ ಪಕ್ಕದಲ್ಲಿ 47-406 ಅಂತಲೋ 28-451 ಅಂತಲೋ ಉಬ್ಬಿದ ಅಕ್ಷರದಲ್ಲಿ ಇರುತ್ತದೆ. ಮೊದಲಿನದು ಟೈರಿನ ಅಗಲ, ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವ ಜಾಗದ ಅಡ್ಡಳತೆ, ಎರಡೂ ಮಿ.ಮೀ. ಲೆಕ್ಕದಲ್ಲಿ. 20×1.75, 20×2.0 ಹೀಗೆ ಚುಕ್ಕಿ ಹಾಕಿ ಬರೆದಿದ್ದರೆ ಅದು 406. 20×1 1/8, 20×1 3/8 ಹೀಗೆ ಭಿನ್ನರಾಶಿಯಲ್ಲಿ ಬರೆದಿದ್ದರೆ 451.

ನಿಮಗೆ ಬೇಕಾದ್ದು 406. ಕಾರಣ ಬಹಳ ಸರಳ. ಚಿಕ್ಕ ಹುಡುಗರ 20 ಇಂಚಿನ ದಪ್ಪ ಟೈರಿನ ಸೈಕಲ್ ಇರುತ್ತಲ್ಲ, ಅದಕ್ಕೂ ಇದೇ ಅಳತೆ. ಮಸ್ಕಿಯಲ್ಲಿ, ಕಾರಟಗಿಯಲ್ಲಿ, ಸಂಡೂರಿನಲ್ಲಿ ಯಾವ ಸೈಕಲ್ ಅಂಗಡಿಗೆ ಹೋದರೂ ಹುಡುಗರ ಸೈಕಲ್ಲಿನ ಟ್ಯೂಬ್ ಗೂಟಕ್ಕೆ ನೇತಾಡುತ್ತಿರುತ್ತದೆ. 451ರ ಟ್ಯೂಬಿಗೆ ಆನ್‌ಲೈನ್ ಆರ್ಡರ್ ಮಾಡಿ ಕಾಯಬೇಕು.

16 ಇಂಚಿನಲ್ಲೂ ಇದೇ ಕಥೆ, ಅಲ್ಲಿ 305 ಮತ್ತು 349. ಬ್ರಾಂಪ್ಟನ್ನಿಗೆ ಇರುವುದು 349. ಅದು ಒಳ್ಳೆಯ ಸೈಕಲ್, ಜಗಳ ಇಲ್ಲ. ಆದರೆ ಅಂಥ ಚಿಕ್ಕ ಗಾಲಿ ನಮ್ಮ ಗುಂಡಿಗೆ ಇಳಿದರೆ ಕೈ, ಬೆನ್ನು ಎರಡೂ ಲೆಕ್ಕ ಕೇಳುತ್ತವೆ, ಮೇಲೆ ಟೆಂಟಿನ ಭಾರ ಬೇರೆ. ಕಾಲುವೆ ಏರಿಯ ಮಣ್ಣಿನ ದಾರಿಯಲ್ಲಿ ಹೋಗುವವರು 20ಕ್ಕಿಂತ ಕಡಿಮೆಗೆ ಇಳಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಟೈರಿನ ಅಗಲ 1.75 ಆದರೂ ಇರಲಿ, ಜಾಗ ಇದ್ದರೆ 2.0. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳು ಆರಾಮಾಗಿ ಆಡಬೇಕು. ಇಲ್ಲದಿದ್ದರೆ ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಹತ್ತು ಮಾರು ಹೋಗುವುದರೊಳಗೆ ಮಣ್ಣು ಕಚ್ಚಿ ಗಾಲಿ ನಿಂತೇ ಹೋಗುತ್ತದೆ. ನಿಜ ಹೇಳಬೇಕೆಂದರೆ ಎರೆ ಮಣ್ಣು ಹಸಿಯಾದಾಗ ಯಾವ ಸೈಕಲ್ಲೂ ನಡೆಯಲ್ಲ, ಹೆಗಲಿಗೆ ಹಾಕಿಕೊಂಡು ಡಾಂಬರು ಹುಡುಕುವುದೇ ದಾರಿ.

ಜಾಲಿ ಮುಳ್ಳಿಗೆ ಎರಡು ಉಪಾಯ. ಒಳಪದರ ಇರುವ ಪಂಕ್ಚರ್ ತಡೆಯುವ ಟೈರು ಹಾಕಿಸಿ, ಟ್ಯೂಬಿನೊಳಗೆ ಸೀಲಂಟ್, ಅಂದರೆ ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ, ತುಂಬಿಸಿ. ವಾಲ್ವ್ ಯಾವ ಜಾತಿ ಅಂತಲೂ ನೋಡಿ. ಮೋಟರ್ ಬೈಕಿನ ತರಹದ ದಪ್ಪ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಪೆನ್ನಿನ ರೀಫಿಲ್ಲಿನಂತೆ ಸಣ್ಣಗಿರುವ ಪ್ರೆಸ್ಟಾ ವಾಲ್ವ್ ಇದ್ದರೆ ಚಿಕ್ಕದೊಂದು ಹಿತ್ತಾಳೆ ಅಡಾಪ್ಟರ್ ಕೊಂಡು ಚೀಲದಲ್ಲಿ ಇಟ್ಟುಬಿಡಿ.

ಹಂತ 3: ತೂಕ ಕೂಡಿಸಿ

ಮಡಚುವ ಸೈಕಲ್ಲುಗಳು ಹೊರುವ ಭಾರಕ್ಕೆ ಮಿತಿ ಇದೆ. ಬಹಳಷ್ಟು ಕಂಪನಿಗಳು 100ರಿಂದ 110 ಕೆ.ಜಿ. ಅಂತ ಬರೆದಿರುತ್ತವೆ, ಇದರಲ್ಲಿ ನೀವೂ ಸೇರಿ, ಲಗೇಜೂ ಸೇರಿ. ಇಬ್ಬರ ಟೆಂಟ್ ಎರಡೂವರೆ ಮೂರು ಕೆ.ಜಿ., ಮಲಗುವ ಚೀಲ ಮತ್ತು ಚಾಪೆ ಎರಡು, ಬಟ್ಟೆ ಪಾತ್ರೆ ಟಾರ್ಚು ಪಂಪು ಎಲ್ಲ ಸೇರಿ ನಾಲ್ಕೈದು. ನಮ್ಮ ಬಿಸಿಲಿಗೆ ನೀರು ನಾಲ್ಕು ಲೀಟರಿಗೆ ಕಡಿಮೆ ಸಾಲದು, ಅದೇ ನಾಲ್ಕು ಕೆ.ಜಿ. ಒಟ್ಟು 13, 14 ಆಯ್ತು. ನೀವು 75 ಇದ್ದರೆ ಚಿಂತೆ ಇಲ್ಲ. 95 ಇದ್ದರೆ ಮಿತಿಯ ಅಂಚಿಗೆ ಬಂದಿರಿ, ಆಗ ಅಲ್ಯೂಮಿನಿಯಂ ಬಿಟ್ಟು ಗಟ್ಟಿ ಸ್ಟೀಲ್ ಚೌಕಟ್ಟಿನದ್ದು, ಮಿತಿ ಜಾಸ್ತಿ ಇರುವುದನ್ನು ಹುಡುಕಿ, ಇಲ್ಲವೇ ಟೆಂಟನ್ನು ಜೊತೆಗಾರನ ಸೈಕಲ್ಲಿಗೆ ಕಟ್ಟಿ.

ಸೈಕಲ್ಲಿನದೇ ತೂಕ 12ರಿಂದ 15 ಕೆ.ಜಿ. ಇರುತ್ತದೆ. ಕೊಳ್ಳುವ ಮುಂಚೆ ಮಡಚಿ, ಒಂದೇ ಕೈಯಲ್ಲಿ ಎತ್ತಿ ಅಂಗಡಿಯ ಮೆಟ್ಟಿಲು ಹತ್ತಿ ನೋಡಿ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ನೆನಪಿರಲಿ.

ಹಂತ 4: ಗೇರು ಬೇಕಾ?

ಸಿಂಧನೂರು, ಗಂಗಾವತಿ ಕಡೆಯ ಭತ್ತದ ಬಯಲಿನಲ್ಲಿ ಗೇರಿಲ್ಲದೆಯೂ ನಡೆಯುತ್ತದೆ. ಆದರೆ ಸಂಡೂರಿನ ಗುಡ್ಡಕ್ಕೆ, ಕುಮಾರಸ್ವಾಮಿ ದೇವಸ್ಥಾನದ ಏರಿಗೆ ಬೇಕೇ ಬೇಕು. ಲೆಕ್ಕ ಹೀಗೆ: 20×1.75 ಗಾಲಿ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಹೋಗುತ್ತದೆ. ಚೈನು ಕೂರುವ ಮುಂದಿನ ಹಲ್ಲುಚಕ್ರದ ಹಲ್ಲಿನ ಲೆಕ್ಕವನ್ನು ಹಿಂದಿನದರ ಲೆಕ್ಕದಿಂದ ಭಾಗಿಸಿ, ಒಂದೂವರೆಯಿಂದ ಗುಣಿಸಿ. ಮುಂದೆ 48, ಹಿಂದೆ 14 ಇದ್ದರೆ ಪೆಡಲ್ಲಿನ ಒಂದು ಸುತ್ತಿಗೆ ಐದು ಮೀಟರಿನ ಮೇಲೆ. ಸಪಾಟು ರಸ್ತೆಗೆ ಒಳ್ಳೆಯದು. ಹಿಂದೆ 32 ಇದ್ದರೆ ಎರಡೂಕಾಲು ಮೀಟರ್. ಭಾರ ಹೊತ್ತು ಗುಡ್ಡ ಹತ್ತುವುದಕ್ಕೆ ಕನಿಷ್ಠ ಗೇರು ಎರಡೂವರೆ ಮೀಟರಿನ ಒಳಗೇ ಇರಬೇಕು. ಏಳೆಂಟು ಗೇರು ಇದೆ ಅನ್ನುವುದು ಮುಖ್ಯ ಅಲ್ಲ, ಹಿಂದಿನ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಅಂತ ಎಣಿಸಿ.

ಗಾಲಿ ಚಿಕ್ಕದಾದ್ದರಿಂದ ಹಿಂದಿನ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ, ನೆಲಕ್ಕೆ ಬಹಳ ಹತ್ತಿರ ತೂಗುತ್ತದೆ. ಆನೆಗೊಂದಿಯ ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಕಲ್ಲು ಬಡಿದರೆ ಬಾಗುತ್ತದೆ. ಮಡಚಿದಾಗ ಅದು ಒಳಗಡೆ ಸೇರುವಂಥ ಸೈಕಲ್ ಸಿಕ್ಕರೆ ಬಸ್ಸಿನಲ್ಲಿ ಪೆಟ್ಟು ತಪ್ಪುತ್ತದೆ. ಗಾಲಿಯ ನಡುವಿನ ಹಬ್‌ ಒಳಗೇ ಗೇರು ಇರುವ ಜಾತಿಯೂ ಇದೆ, ಧೂಳು ನೀರಿಗೆ ಹೆದರುವುದಿಲ್ಲ, ಆದರೆ ಕೆಟ್ಟರೆ ಬಿಚ್ಚುವ ಮಿಸ್ತ್ರಿ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಅಂದ ಹಾಗೆ ಅಂಜನಾದ್ರಿಯ 575 ಮೆಟ್ಟಿಲಿಗೆ ಯಾವ ಗೇರೂ ಇಲ್ಲ. ಸೈಕಲ್ ಮಡಚಿ ಕೆಳಗೆ ತೆಂಗಿನಕಾಯಿ ಅಂಗಡಿಯಲ್ಲಿ "ಅಣ್ಣಾ, ಸ್ವಲ್ಪ ನೋಡ್ಕೊಳ್ರೀ" ಅಂತ ಇಟ್ಟು ಹೋಗಬಹುದು.

ಹಂತ 5: ಲಗೇಜು ಎಲ್ಲಿ ಕೂರುತ್ತೆ?

ಹಿಂದೆ ಕ್ಯಾರಿಯರ್ ಇದ್ದರೆ ಸಾಲದು. ಅದಕ್ಕೆ ಜೋಳಿಗೆ ಚೀಲ ಇಳಿಬಿಟ್ಟು ಪೆಡಲ್ ತುಳಿದು ನೋಡಿ, ಹಿಮ್ಮಡಿ ಚೀಲಕ್ಕೆ ತಾಗುತ್ತಾ? ಬಹಳ ಮಡಚುವ ಸೈಕಲ್ಲುಗಳಲ್ಲಿ ತಾಗುತ್ತದೆ. ಚೀಲ ಉದ್ದವಾದರೆ ನೆಲಕ್ಕೂ ಉಜ್ಜುತ್ತದೆ. ಟೆಂಟನ್ನು ಕ್ಯಾರಿಯರ್ ಮೇಲೆ ಅಡ್ಡಲಾಗಿ ಇಟ್ಟು ಹಳೇ ಟ್ಯೂಬಿನಿಂದ ಬಿಗಿಯುವುದು ಈಗಲೂ ಒಳ್ಳೆಯ ಪದ್ಧತಿ. ಭಾರದ ಸಾಮಾನಿಗೆ, ಅಂದರೆ ನೀರಿಗೆ, ಮುಂದೆ ಚೌಕಟ್ಟಿಗೇ ಚೀಲ ಸಿಕ್ಕಿಸುವ ಗುಬಟು ಇದೆಯಾ ನೋಡಿ. ಬ್ರಾಂಪ್ಟನ್, ಡಾಹಾನ್, ಟರ್ನ್ ಕಂಪನಿಗಳ ಸೈಕಲ್ಲುಗಳಲ್ಲಿ ಇಂಥದ್ದು ಬರುತ್ತದೆ. ಚೀಲ ಹ್ಯಾಂಡಲ್ಲಿಗಲ್ಲ, ಚೌಕಟ್ಟಿಗೆ ಕೂರುವುದರಿಂದ ತಿರುಗಿಸುವಾಗ ಹ್ಯಾಂಡಲ್ ಎಳೆಯುವುದಿಲ್ಲ.

ಆನೆಗೊಂದಿಯಿಂದ ಹಂಪಿ ಕಡೆಯ ತಳವಾರಘಟ್ಟಕ್ಕೆ ಹರಿಗೋಲಿನಲ್ಲಿ ದಾಟುವವರು ಮಡಚಿದ ಸೈಕಲ್ಲನ್ನು ನಡುವೆ ಇಟ್ಟು ಕೂರಬಹುದು, ಮಡಚುವ ಸೈಕಲ್ ಕೊಂಡದ್ದು ಸಾರ್ಥಕ ಅನ್ನಿಸುವುದು ಆಗಲೇ. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುತ್ತಾರೆ, ಆಗ ಕಡೆಬಾಗಿಲು ಸೇತುವೆ ಕಡೆ ಸುತ್ತಬೇಕು.

ಹಂತ 6: ಕೀಲು ಅಲ್ಲಾಡಿಸಿ

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಜಗ್ಗಿ. ಕಟಕಟ ಅಂದರೆ ಬೇಡ. ಚೌಕಟ್ಟಿನ ನಡುವಿನ ಕೀಲಿಗೆ ಎರಡನೇ ಲಾಕ್ ಇರಬೇಕು, ಗುಂಡಿಯಲ್ಲಿ ಎಗರಿದಾಗ ಹಿಡಿ ತಾನಾಗೇ ಬಿಚ್ಚಬಾರದು. ಸೀಟಿನ ಕಂಬಿಯಲ್ಲಿ ಒಂದು ಗೆರೆ ಇರುತ್ತದೆ, ನಿಮ್ಮ ಎತ್ತರಕ್ಕೆ ಎಳೆದಾಗ ಆ ಗೆರೆ ಹೊರಗೆ ಕಂಡರೆ ಸೈಕಲ್ ನಿಮಗೆ ಚಿಕ್ಕದು. ಎತ್ತರದವರು ಇದನ್ನು ಮರೆಯಲೇಬಾರದು.

ಕಂಪನಿ ಹೆಸರಿಗೆ ಜಾಸ್ತಿ ದುಡ್ಡು ಸುರಿಯಬೇಕಾ? ಬ್ರಾಂಪ್ಟನ್ ಆದರೆ ಲಕ್ಷ ದಾಟುತ್ತದೆ, ವರ್ಷಕ್ಕೆ ನಾಲ್ಕು ಸಲ ಟೆಂಟ್ ಹಾಕುವವರಿಗೆ ಅದು ಬೇಕಿಲ್ಲ. ಆದರೆ ತೀರಾ ಅಗ್ಗದ್ದರಲ್ಲಿ ಮೊದಲು ಸಡಿಲ ಆಗುವುದು ಕೀಲೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೀಲಿನ ಬೆಸುಗೆ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ. ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಹಂತ 7: ಹೊರಡುವ ಮುಂಚೆ

ಲಗೇಜೆಲ್ಲ ಕಟ್ಟಿ ಊರ ಹೊರಗೆ ಹತ್ತು ಕಿಲೋಮೀಟರ್ ತುಳಿದು ಬನ್ನಿ, ಆಮೇಲೆ ಕೀಲಿನ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. ಅಲೆನ್ ಕೀ, ಪಂಕ್ಚರ್ ಸಾಮಾನು, ಒಂದು ಹೊಸ ಟ್ಯೂಬು, ಚಿಕ್ಕ ಪಂಪು ಜೊತೆಗಿರಲಿ. ತೋರಣಗಲ್ಲು, ಸಂಡೂರಿನ ಕಡೆ ಹೋಗುವವರು ಚೈನಿಗೆ ಎಣ್ಣೆ ಸುರಿಯಬೇಡಿ, ಕೆಂಪು ಧೂಳು ಅಂಟಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ; ಮೇಣದ ಲೂಬ್ ಹಾಕಿ, ಇಲ್ಲವೇ ಎಣ್ಣೆ ಹಾಕಿ ಬಟ್ಟೆಯಿಂದ ಪೂರ್ತಿ ಒರೆಸಿ.

ಕಾಲ ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಸುಮ್ನೆ ಸಾಹಸ ಬೇಡ. ಆನೆಗೊಂದಿ, ದರೋಜಿ ಕಡೆಯ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ದರೋಜಿಯದ್ದು 1994ರಿಂದ ಕರಡಿಧಾಮವೇ. ಹೊಳೆ ದಂಡೆ ಚೆನ್ನಾಗಿದೆ ಅಂತ ಅಲ್ಲಿ ಟೆಂಟ್ ಹಾಕುವುದೂ ಸರಿಯಲ್ಲ, ತುಂಗಭದ್ರೆಯಲ್ಲಿ ಮೊಸಳೆ ಇದೆ, ಡ್ಯಾಮಿನಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿಗಳ ಮೀಸಲು ಪ್ರದೇಶ. ಹೋಂಸ್ಟೇ ಅಂಗಳದಲ್ಲೋ, ತೋಟದ ಮನೆಯವರನ್ನು ಕೇಳಿಯೋ ಟೆಂಟ್ ಹಾಕಿ. ಸೈಕಲ್ಲನ್ನು ಮಡಚಿ ಟೆಂಟಿನೊಳಗೇ ಇಟ್ಟುಕೊಂಡರೆ ಬೀಗದ ಚಿಂತೆಯೂ ಇಲ್ಲ, ಬೆಳಿಗ್ಗೆ ಸೀಟು ಇಬ್ಬನಿಗೆ ಒದ್ದೆ ಆಗುವುದೂ ಇಲ್ಲ.