ಸಮ್ಮೇಳನದಲ್ಲಿ ಹಳೆಯ ಪರಿಚಿತರು ಎದುರಾದಾಗ

ಉದ್ಯಮ ಸಮ್ಮೇಳನವೆಂದರೆ ಹೊಸಬರ ಪರಿಚಯ ಮಾಡಿಕೊಳ್ಳುವ ಜಾಗವೆಂದೇ ಹೆಚ್ಚಿನವರು ತಿಳಿದಿದ್ದಾರೆ. ವಿಸಿಟಿಂಗ್ ಕಾರ್ಡುಗಳ ಕಟ್ಟನ್ನು ಜೇಬಿಗಿಳಿಸಿಕೊಂಡು ಹೋಗಿ, ಗುರುತಿಲ್ಲದವರಿಗೆ ಹಂಚಿ ಬರುತ್ತಾರೆ. ಅದೇ ಸಭಾಂಗಣದಲ್ಲಿ ಹಿಂದೊಮ್ಮೆ ಪಕ್ಕದ ಮೇಜಿನಲ್ಲಿ ಕುಳಿತು ಕೆಲಸ ಮಾಡಿದವರು, ಸರಕು ಪೂರೈಸುತ್ತಿದ್ದವರು, ಎದುರಾಳಿ ಕಂಪನಿಯಲ್ಲಿದ್ದು ನಮಗೆ ಪೈಪೋಟಿ ಕೊಟ್ಟವರು ಓಡಾಡುತ್ತಿರುತ್ತಾರೆ. ಅವರತ್ತ ಕೈಯೆತ್ತಿ, ನಕ್ಕು, ಮುಂದೆ ಸಾಗಿಬಿಡುತ್ತೇವೆ. ಇಡೀ ದಿನದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮಾತಿಗೆ ಆಧಾರವೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪರಿಚಿತರ ಮೂಲಕ ಹೊಸ ಕೆಲಸ ಹಿಡಿದವರ ಲೆಕ್ಕ ಕೊಟ್ಟಿದ್ದರು. ಸುಳಿವು ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ಅವರಲ್ಲಿ ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆಲ್ಲ ದಾರಿ ತೋರಿದವರು ಯಾವಾಗಲೋ ಒಮ್ಮೆ ಕಾಣಸಿಗುವವರು. ಕಾರಣ ಸರಳ: ದಿನವೂ ಜೊತೆಗಿರುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರವಾದ ಪರಿಚಿತರು ಅಷ್ಟು ವರ್ಷ ಬೇರೆ ನೀರಿನಲ್ಲಿ ಈಜಿರುತ್ತಾರೆ, ಆದರೂ ಹಳೆಯ ವಿಶ್ವಾಸ ಪೂರ್ತಿ ಆರಿರುವುದಿಲ್ಲ.

ಹೊರಡುವ ಹಿಂದಿನ ದಿನ

ಭಾಗವಹಿಸುವವರ ಪಟ್ಟಿ, ಭಾಷಣಕಾರರ ಪಟ್ಟಿ, ಮಳಿಗೆ ಹಾಕುವವರ ಪಟ್ಟಿ ಸಾಮಾನ್ಯವಾಗಿ ಮೊದಲೇ ಸಿಗುತ್ತವೆ. ಕೂತು ಓದಿ, ನಾಲ್ಕೈದು ಹಳೆಯ ಹೆಸರುಗಳನ್ನು ಆರಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ಬೇಡ, ಒಂದು ದಿನದಲ್ಲಿ ಅಷ್ಟು ಮಂದಿಯೊಡನೆ ಮನಸ್ಸಿಟ್ಟು ಮಾತನಾಡಿದರೆ ಬೇಕಾದಷ್ಟಾಯಿತು. ಪ್ರತಿ ಹೆಸರಿನ ಮುಂದೆ ಒಂದು ಸಾಲು ಬರೆದುಕೊಳ್ಳಿ: ಕೊನೆಯ ಬಾರಿ ಭೇಟಿಯಾದಾಗ ಅವರು ಯಾವ ಕೆಲಸದಲ್ಲಿ ಮುಳುಗಿದ್ದರು, ಯಾವುದರ ಬಗ್ಗೆ ಚಿಂತಿಸುತ್ತಿದ್ದರು? ನೆನಪಾಗದಿದ್ದರೆ ಹಳೆಯ ಇಮೇಲ್‌ಗಳನ್ನು ಹುಡುಕಿ. ಅವರು ಈಗ ಎಲ್ಲಿದ್ದಾರೆ ಎಂಬುದನ್ನೂ ನೋಡಿಕೊಳ್ಳಿ.

ಈ ಕೊನೆಯ ಮಾತನ್ನು ನಾನು ಪೆಟ್ಟು ತಿಂದು ಕಲಿತೆ. ಒಮ್ಮೆ ನೋಂದಣಿ ಮೇಜಿನ ಬಳಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಖುಷಿಯಲ್ಲಿ, “ಇನ್ನೂ ಅಲ್ಲೇ ಇದ್ದೀರಾ?” ಎಂದು ಕೇಳಿಬಿಟ್ಟೆ. ಅವರ ಹೆಬ್ಬೆರಳು ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯ ಅಂಚನ್ನು ಸವರತೊಡಗಿತು. ಆಗ ನೋಡಿದೆ: ಚೀಟಿಯಲ್ಲಿ ಅವರ ಹೆಸರಷ್ಟೇ ಇತ್ತು, ಕಂಪನಿಯ ಜಾಗ ಖಾಲಿ. “ಬಿಟ್ಟು ಎಂಟು ತಿಂಗಳಾಯಿತು” ಎಂದರು. ಎರಡು ನಿಮಿಷದಲ್ಲಿ ಮಾತು ಮುಗಿಯಿತು. ಅಂದಿನಿಂದ ನನ್ನ ಮೊದಲ ಪ್ರಶ್ನೆ ಒಂದೇ: “ಈಗ ಯಾವುದರಲ್ಲಿ ತೊಡಗಿಕೊಂಡಿದ್ದೀರಿ?” ಕೆಲಸವಿದ್ದವರೂ ಇಲ್ಲದವರೂ ತಲೆಯೆತ್ತಿ ಉತ್ತರಿಸಬಹುದಾದ ಪ್ರಶ್ನೆ ಇದು.

ಹೆಸರು ನೆನಪಾಗದಿದ್ದರೆ

ಮುಖ ಗೊತ್ತು, ಹೆಸರು ನಾಲಿಗೆಯ ತುದಿಯಲ್ಲೇ ನಿಂತಿದೆ. ನಾಚಿಕೆಪಡಬೇಕಿಲ್ಲ. 1987ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮುಖದ ಜೊತೆಗೆ ಒಂದೇ ಪದವನ್ನು ಕೆಲವರಿಗೆ ಹೆಸರೆಂದೂ ಕೆಲವರಿಗೆ ವೃತ್ತಿಯೆಂದೂ ಕಲಿಸಿದ್ದರು. ‘ಬೇಕರ್’ ಎಂಬುದು ವೃತ್ತಿಯಾದರೆ ನೆನಪಿನಲ್ಲಿ ಸುಲಭವಾಗಿ ಉಳಿಯುತ್ತದೆ, ಮನೆತನದ ಹೆಸರಾದರೆ ಜಾರಿಹೋಗುತ್ತದೆ. ಎದುರಿನವರಿಗೂ ನಿಮ್ಮ ಹೆಸರು ಹೀಗೆಯೇ ಜಾರಿರಬಹುದು. ಆದ್ದರಿಂದ ನಿಮ್ಮ ಹೆಸರನ್ನು ನೀವೇ ಮೊದಲು ಹೇಳಿ, ಎಲ್ಲಿ ಜೊತೆಗಿದ್ದೆವು ಎಂಬುದನ್ನೂ ಸೇರಿಸಿ. ಬಹುಪಾಲು ಜನ ತಾವಾಗಿಯೇ ತಮ್ಮ ಹೆಸರು ಹೇಳುತ್ತಾರೆ. ಹೇಳದಿದ್ದರೆ, “ಮುಖ ಚೆನ್ನಾಗಿ ನೆನಪಿದೆ, ಹೆಸರು ಮರೆತಿದೆ, ಕ್ಷಮಿಸಿ” ಎಂದು ನೇರವಾಗಿ ಕೇಳಿ. ಗೊತ್ತಿರುವವರಂತೆ ನಟಿಸುತ್ತ ಹೋದರೆ, ಮೂರನೆಯವರು ಬಂದು “ಇವರ ಪರಿಚಯ ಮಾಡಿಸಿ” ಎಂದಾಗ ಇಬ್ಬರಿಗೂ ಮುಜುಗರ.

ಮಾತು ಬೆಳೆಯುವಾಗ

ಗದ್ದಲದ ನಡುವೆ ನಿಲ್ಲಬೇಡಿ. ಸುತ್ತ ಸದ್ದು ಹೆಚ್ಚಿದಂತೆ ನಮ್ಮ ದನಿಯೂ ತಾನಾಗಿ ಏರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ಗುರುತಿಸಿದ ಫ್ರೆಂಚ್ ವೈದ್ಯ ಲೊಂಬಾರ್ ಅವರ ಹೆಸರೇ ಈ ವಿದ್ಯಮಾನಕ್ಕಿದೆ. ಕೂಗಿ ಹೇಳಬೇಕಾದ ಜಾಗದಲ್ಲಿ ಯಾರೂ ಮನಸ್ಸಿನ ಮಾತು ಹೇಳುವುದಿಲ್ಲ. ಮೊಗಸಾಲೆಗೋ ಕಿಟಕಿಯ ಬಳಿಗೋ ಕರೆದುಕೊಂಡು ಹೋಗಿ.

ಹಿಂದಿನ ದಿನ ಬರೆದುಕೊಂಡ ಆ ಒಂದು ಸಾಲು ಈಗ ಕೆಲಸಕ್ಕೆ ಬರುತ್ತದೆ. “ಆಗ ಹೊಸ ಗೋದಾಮಿನ ಬಗ್ಗೆ ತಲೆಕೆಡಿಸಿಕೊಂಡಿದ್ದಿರಿ, ಏನಾಯಿತು?” ಎಂದು ಕೇಳಿ, ಆಮೇಲೆ ಸುಮ್ಮನಿರಿ. ತಮ್ಮ ಮಾತನ್ನು ಒಬ್ಬರು ಇಷ್ಟು ವರ್ಷ ಕಾಪಿಟ್ಟುಕೊಂಡಿದ್ದರು ಎಂದು ತಿಳಿದಾಗ ಮುಖ ಅರಳುವ ಬಗೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಳೆಯ ಕಚೇರಿಯ ನೆನಪುಗಳು ಬರಲಿ, ಆದರೆ ಅಲ್ಲಿಲ್ಲದವರ ಮೇಲಿನ ದೂರುಗಳು ಬೇಡ.

ಮೊದಲ ಭೇಟಿಯಲ್ಲೇ ಸಹಾಯ ಕೇಳಬೇಡಿ. ಕೇಳಲೇಬೇಕೆಂದಿದ್ದರೆ ಅದು ಚಿಕ್ಕದಾಗಿರಲಿ, ಸ್ಪಷ್ಟವಾಗಿರಲಿ. “ಎಲ್ಲಾದರೂ ಅವಕಾಶವಿದ್ದರೆ ನೋಡಿ” ಎಂಬುದು ಕೇಳಿಸಿಕೊಂಡವರಿಗೆ ಹೊರೆ. “ಈ ಯಂತ್ರ ಬಳಸುವವರು ಯಾರಾದರೂ ಗೊತ್ತೇ?” ಎಂಬುದಕ್ಕೆ ಉತ್ತರ ಕೊಡಬಹುದು.

ಎದುರಾಳಿ ಕಂಪನಿಯವರೊಡನೆ ಒಂದು ಗೆರೆ ಮರೆಯಬಾರದು. ದರ, ಟೆಂಡರಿನ ಮೊತ್ತ, ಗ್ರಾಹಕರನ್ನು ಹಂಚಿಕೊಳ್ಳುವ ವಿಚಾರ ಸ್ನೇಹದ ಮಾತಿನಲ್ಲೂ ಸುಳಿಯಬಾರದು. ಬಹುತೇಕ ದೇಶಗಳ ಸ್ಪರ್ಧಾ ಕಾನೂನು ಇಂಥ ಒಳಒಪ್ಪಂದವನ್ನು ಅಪರಾಧವೆಂದೋ ದಂಡಾರ್ಹವೆಂದೋ ಪರಿಗಣಿಸುತ್ತದೆ, ಮತ್ತು ಲಿಖಿತ ಕರಾರು ಇಲ್ಲದಿದ್ದರೂ ಮಾತುಕತೆಯೇ ಸಾಕ್ಷ್ಯವಾಗಬಹುದು. ಆ ಮಾತು ಬಂದರೆ, “ಇದು ಬೇಡ” ಎಂದು ಬಾಯಿಬಿಟ್ಟು ಹೇಳಿ ಅಲ್ಲಿಂದ ಸರಿಯಿರಿ.

ಬೀಳ್ಕೊಳ್ಳುವಾಗ

ಹದಿನೈದು ನಿಮಿಷ ಸಾಕು. ಅವರ ಹೆಗಲಾಚೆ ಬೇರೆಯವರನ್ನು ಹುಡುಕುವುದಕ್ಕಿಂತ, ಅವರಿಗೆ ಉಪಯೋಗವಾಗುವ ಇನ್ನೊಬ್ಬರ ಪರಿಚಯ ಮಾಡಿಸಿ ಹೊರಡುವುದು ಒಳ್ಳೆಯದು. ಕಾರ್ಡಿನ ಹಿಂದೆ ಅಂದೇ ಎರಡು ಪದ ಗೀಚಿಕೊಳ್ಳಿ. ಎರಡು ದಿನದೊಳಗೆ ಒಂದು ಸಂದೇಶ ಕಳುಹಿಸಿ, ಬರೀ ಕುಶಲವಲ್ಲ, ಮಾತಿನ ನಡುವೆ ಕೊಟ್ಟ ಭರವಸೆಯ ಲೇಖನವನ್ನೋ ಫೋನ್ ಸಂಖ್ಯೆಯನ್ನೋ ಅದರೊಡನೆ ತಲುಪಿಸಿ. ಉತ್ತರ ಬರದಿದ್ದರೆ ಬೆನ್ನು ಹತ್ತಬೇಡಿ. ಖಾಲಿ ಗುರುತಿನ ಚೀಟಿಯ ನನ್ನ ಸಹೋದ್ಯೋಗಿಗೆ ಅಂದು ರಾತ್ರಿಯೇ ಕ್ಷಮೆ ಕೇಳಿ ಬರೆದಿದ್ದೆ. ಉತ್ತರ ಬಂದದ್ದು ನಾಲ್ಕು ತಿಂಗಳ ನಂತರ, ಹೊಸ ಕೆಲಸದ ವಿಳಾಸದಿಂದ.