ಮೂರನೆಯ ಕೊರಕಲು: ಕಾಡಿನಲ್ಲಿ ಓರಿಯಂಟಿಯರಿಂಗ್ ಸ್ಪರ್ಧೆ ನಡೆಸಿದ ನನ್ನ ಅನುಭವ

ಮೆಲ್ಬರ್ನ್‌ನಿಂದ ವಾಯವ್ಯಕ್ಕೆ ಸುಮಾರು 120 ಕಿಲೋಮೀಟರ್ ದೂರದಲ್ಲಿರುವ ಕ್ಯಾಸಲ್‌ಮೇನ್ ಪಟ್ಟಣದ ಸುತ್ತಲಿನ ಕಾಡಿನಲ್ಲಿ ನಮ್ಮ ಓರಿಯಂಟಿಯರಿಂಗ್ ಕ್ಲಬ್ಬು ಚಳಿಗಾಲದಲ್ಲಿ ಒಂದೆರಡು ಸ್ಪರ್ಧೆಗಳನ್ನು ನಡೆಸುತ್ತದೆ. ಆರು ವರ್ಷ ಬರಿಯ ಓಟಗಾರನಾಗಿ ಬಂದು ಹೋಗುತ್ತಿದ್ದ ನನಗೆ ಏಳನೆಯ ವರ್ಷ ಕೋರ್ಸ್ ಸೆಟ್ಟರ್ ಕೆಲಸ, ಎಂದರೆ ಓಟಗಾರರು ಯಾವ ಯಾವ ಜಾಗಗಳನ್ನು ಮುಟ್ಟಿ ಬರಬೇಕೆಂದು ಗೊತ್ತು ಮಾಡುವ ಕೆಲಸ, ಬಂತು. ಬಂತು ಎನ್ನುವುದಕ್ಕಿಂತ, ವಾರ್ಷಿಕ ಸಭೆಯಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ ಎನ್ನುವುದೇ ಸರಿ.

ಈ ಆಟವನ್ನು ಅರಿಯದವರಿಗೆ ಎರಡು ಮಾತು ಹೇಳಬೇಕು. ಕಾಡಿನಲ್ಲಿ ಬಂಡೆ, ಹಳ್ಳದ ತಿರುವು, ಹಳೆಯ ಗುಂಡಿ ಮುಂತಾದ, ನಕ್ಷೆಯಲ್ಲೂ ನೆಲದಲ್ಲೂ ಸ್ಪಷ್ಟವಾಗಿ ಗುರುತಿಸಬಹುದಾದ ಜಾಗಗಳಲ್ಲಿ, ಪ್ರತಿ ಮುಖವೂ 30 ಸೆಂಟಿಮೀಟರ್ ಚೌಕವಾಗಿರುವ ಮೂರು ಮುಖದ ಬಿಳಿ-ಕಿತ್ತಳೆ ಬಾವುಟಗಳನ್ನು ತೂಗುಹಾಕಿರುತ್ತಾರೆ. ಅವಕ್ಕೆ ಕಂಟ್ರೋಲ್ ಎಂದು ಹೆಸರು. ಓಟಗಾರರು ನಕ್ಷೆ ಮತ್ತು ದಿಕ್ಸೂಚಿಯ ನೆರವಿನಿಂದ ಅವನ್ನು ಹೇಳಿದ ಕ್ರಮದಲ್ಲೇ ಹುಡುಕಿಕೊಂಡು ಹೋಗಬೇಕು. ನಡುವಿನ ದಾರಿ ಯಾವುದೆಂಬುದು ಅವರವರ ಆಯ್ಕೆ. ಸ್ವೀಡನ್, ನಾರ್ವೆಗಳಲ್ಲಿ ಹುಟ್ಟಿದ ಈ ಆಟ ವಿಕ್ಟೋರಿಯಾ ರಾಜ್ಯದ ಈ ಭಾಗದಲ್ಲಿ ಚೆನ್ನಾಗಿ ಬೇರೂರಿದೆ. 1985ರ ವಿಶ್ವ ಚಾಂಪಿಯನ್‌ಷಿಪ್ ಯೂರೋಪಿನಾಚೆ ಮೊದಲ ಬಾರಿಗೆ ನಡೆದದ್ದು ಇಲ್ಲಿಗೆ ಹತ್ತಿರದ ಬೆಂಡಿಗೋದಲ್ಲಿ.

ನಾನು ಕೋಲಾರದ ಕಡೆಯವನು. ಹಾಗಾಗಿ ಈ ಕಾಡಿನ ಎರಡು ಸಂಗತಿಗಳು ನನಗೆ ಮೊದಲ ದಿನವೇ ಪರಿಚಿತವೆನ್ನಿಸಿದ್ದವು. ಒಂದು, ನೀಲಗಿರಿ ಮರ. ನಮ್ಮಲ್ಲಿ ಸಾಲುಸಾಲಾಗಿ ನೆಟ್ಟ ತೋಪುಗಳಲ್ಲಿ ಕಾಣುವ ಮರದ ಬಂಧುಬಳಗವೇ ಇಲ್ಲಿ ಯಾರೂ ನೆಡದೆ, ಯಾವ ಸಾಲಿಗೂ ಸೇರದೆ ನಿಂತಿದೆ. ಮಳೆ ಬಂದು ನಿಂತ ಮೇಲಿನ ಆ ಎಣ್ಣೆಯ ವಾಸನೆ ಮಾತ್ರ ಅದೇ. ಇನ್ನೊಂದು, ಚಿನ್ನದ ಗಣಿ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದ ಮೇಲೆ ಸಾವಿರಾರು ಜನ ಬಂದು ಹಳ್ಳಗಳನ್ನೆಲ್ಲ ಬಗೆದು ಹಾಕಿದರು. ಕೆಜಿಎಫ್‌ನಲ್ಲಿ ಶಾಫ್ಟ್ ಎಂದರೆ ಕಿಲೋಮೀಟರುಗಟ್ಟಲೆ ಆಳದ, ಮೇಲೆ ದೊಡ್ಡ ಉಕ್ಕಿನ ಚೌಕಟ್ಟು ನಿಂತ ಬಾಯಿ; ಇಲ್ಲಿಯದು ಒಬ್ಬಿಬ್ಬರು ಗುದ್ದಲಿಯಲ್ಲಿ ತೋಡಿ, ಏನೂ ಸಿಗದಿದ್ದರೆ ಮುಚ್ಚದೆ ಬಿಟ್ಟು ಹೋದ ಬಾವಿಯಂಥ ಕಿಂಡಿ. ಪೊದೆ ಬೆಳೆದ ಮೇಲೆ ಹತ್ತಿರ ಹೋಗುವವರೆಗೂ ಅದು ಕಾಣುವುದೇ ಇಲ್ಲ. ಇವಲ್ಲದೆ, ಮಣ್ಣು ತೊಳೆಯಲು ನೀರು ತರಲೆಂದು ಗಣಿಗಾರರು ಗುಡ್ಡದ ಮೈಯನ್ನು ಬಳಸಿ ತೋಡಿದ ಸಣ್ಣ ಕಾಲುವೆಗಳಿವೆ. ಇಲ್ಲಿಯವರು ಅದನ್ನು ವಾಟರ್ ರೇಸ್ ಎನ್ನುತ್ತಾರೆ. ಈಗ ಅವು ಒಣಗಿ, ಅಲ್ಲಲ್ಲಿ ಕುಸಿದು, ಮೊಣಕಾಲುದ್ದದ ತಗ್ಗಾಗಿ ಉಳಿದಿವೆ. ಒಂದೇ ಮಟ್ಟದಲ್ಲಿ ಸಾಗುವ ಈ ಕಾಲುವೆಗಳು ಓಟಗಾರರಿಗೆ ಕೈಹಿಡಿದು ನಡೆಸುವ ಹಗ್ಗವಿದ್ದಂತೆ. ನನ್ನನ್ನು ದಾರಿ ತಪ್ಪಿಸಿದ್ದೂ ಅದೇ ಹಗ್ಗ.

ಅನುಮತಿಯ ಕೆಲಸ ತಿಂಗಳುಗಳ ಮೊದಲೇ ಆರಂಭವಾಗುತ್ತದೆ. ನೆಲ ಯಾವ ಇಲಾಖೆಯದೆಂದು ನೋಡಿ, ವಿಮೆಯ ಕಾಗದ ಲಗತ್ತಿಸಿ, ಎಷ್ಟು ಜನ, ಎಷ್ಟು ಕಾರು, ಎಲ್ಲಿ ಶೌಚಾಲಯ ಎಂದು ಬರೆದುಕೊಟ್ಟರೆ ಮುಗಿಯಿತು. ತಾಳ್ಮೆ ಬೇಕು, ಜಾಣ್ಮೆ ಬೇಕಿಲ್ಲ. ಚಳಿಗಾಲವನ್ನೇ ಆರಿಸುವುದಕ್ಕೆ ಕಾರಣ ಸರಳ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ, ಜೊತೆಗೆ ಕಂದು ಹಾವುಗಳ ಓಡಾಟ. ಆ ತಿಂಗಳುಗಳಲ್ಲಿ ನಮ್ಮವರು ಕಾಡು ಬಿಟ್ಟು ನಗರದ ಬೀದಿ, ಉದ್ಯಾನಗಳಲ್ಲಿ ಓಡುತ್ತಾರೆ. ಜೂನ್, ಜುಲೈನಲ್ಲಿ ಹಾವು ಅಪರೂಪವಾದರೂ ಒತ್ತುಪಟ್ಟಿ ಕಟ್ಟುವ ಅಗಲವಾದ ಬ್ಯಾಂಡೇಜನ್ನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇಡಲೇಬೇಕು.

ನಕ್ಷೆ ನಮ್ಮ ಕ್ಲಬ್ಬಿನದೇ: 1:10,000 ಪ್ರಮಾಣ, ಪ್ರತಿ 5 ಮೀಟರ್ ಎತ್ತರಕ್ಕೊಂದು ಸಮೋನ್ನತ ರೇಖೆ. ಇದರಲ್ಲಿ ಬಿಳಿ ಎಂದರೆ ಬಯಲಲ್ಲ, ಸರಾಗವಾಗಿ ಓಡಬಹುದಾದ ಕಾಡು, ಹಸಿರು ಗಾಢವಾದಷ್ಟೂ ನುಗ್ಗುವುದು ಕಷ್ಟ, ಬಯಲಿಗೆ ಹಳದಿ. ಉತ್ತರದ ಗೆರೆಗಳನ್ನು ಭೂಗೋಳದ ಉತ್ತರಕ್ಕಲ್ಲದೆ ಕಾಂತೀಯ ಉತ್ತರಕ್ಕೇ ಎಳೆದಿರುವುದರಿಂದ, ಇಲ್ಲಿ ಎರಡಕ್ಕೂ 11-12 ಡಿಗ್ರಿಯ ವ್ಯತ್ಯಾಸವಿದ್ದರೂ ಓಡುವವರು ಕೂಡಿ ಕಳೆಯಬೇಕಾಗಿಲ್ಲ. ದಿಕ್ಸೂಚಿಯ ವಿಷಯದಲ್ಲಿ ನಾನು ಮೊದಲ ವರ್ಷವೇ ಪಾಠ ಕಲಿತಿದ್ದೆ. ಬೆಂಗಳೂರಿನಲ್ಲಿ ಕೊಂಡ ದಿಕ್ಸೂಚಿಯನ್ನು ಇಲ್ಲಿಗೆ ತಂದಾಗ ಅದರ ಮುಳ್ಳಿನ ದಕ್ಷಿಣದ ತುದಿ ಕೆಳಕ್ಕೆ ಬಾಗಿ ತಳಕ್ಕೆ ಉಜ್ಜುತ್ತಿತ್ತು. ಭೂಮಿಯ ಕಾಂತಕ್ಷೇತ್ರ ನಮ್ಮೂರಿನಲ್ಲಿ ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿ ಹಾಯುತ್ತದೆ, ಇಲ್ಲಿ ಬಹಳ ಕಡಿದಾಗಿ ಓರೆಯಾಗಿ ಹಾಯುತ್ತದೆ. ಅದಕ್ಕೆ ತಕ್ಕಂತೆ ಮುಳ್ಳನ್ನು ತೂಗಿಸಿದ ದಿಕ್ಸೂಚಿಯನ್ನು ಇಲ್ಲಿಯೇ ಕೊಳ್ಳಬೇಕು.

ಕೋರ್ಸು ಹಾಕುವುದು ಈ ಇಡೀ ಕೆಲಸದಲ್ಲಿ ಅತ್ಯಂತ ಸುಖದ ಭಾಗ. ಆಸ್ಟ್ರೇಲಿಯಾದಲ್ಲಿ ನಾಲ್ಕು ಮಟ್ಟಗಳಿವೆ: ತೀರಾ ಸುಲಭ, ಸುಲಭ, ಮಧ್ಯಮ, ಕಠಿಣ. ಹೊಸಬರು ಕಠಿಣವಾದುದನ್ನೇ ಮೊದಲು ಹಾಕಲು ಹೋಗುತ್ತಾರೆ, ನಾನೂ ಹೋದೆ. 6.8 ಕಿಲೋಮೀಟರಿನ ಕಠಿಣ ಕೋರ್ಸು ಎರಡು ಸಂಜೆಗಳಲ್ಲಿ ಮುಗಿಯಿತು. ಮಕ್ಕಳಿಗೆಂದು ಹಾಕಿದ 1.9 ಕಿಲೋಮೀಟರಿನದು ಎರಡು ವಾರ ಸತಾಯಿಸಿತು. ಏಕೆಂದರೆ ತೀರಾ ಸುಲಭದ ಕೋರ್ಸು ದಾರಿಗುಂಟವೇ ಸಾಗಬೇಕು, ದಾರಿ ಕವಲೊಡೆಯುವಲ್ಲೆಲ್ಲ ಒಂದು ಕಂಟ್ರೋಲ್ ಇರಬೇಕು, ಒಂಬತ್ತು ವರ್ಷದ ಮಗು ಒಬ್ಬೊಂಟಿಯಾಗಿ ನಿಂತು ಎಡಕ್ಕೋ ಬಲಕ್ಕೋ ಎಂದು ನಿರ್ಧರಿಸುವಾಗ ಮುಂದಿನ ಬಾವುಟದ ಸುಳಿವಾದರೂ ಕಾಣಬೇಕು. ಇಷ್ಟೆಲ್ಲ ಇದ್ದು ಆ ದಾರಿಯ ಬಳಿ ಒಂದೂ ಶಾಫ್ಟ್ ಇರಬಾರದು. ನಮ್ಮ ಕಾಡಿನಲ್ಲಿ ಈ ಕೊನೆಯ ಷರತ್ತೇ ಅರ್ಧ ನಕ್ಷೆಯನ್ನು ಅಳಿಸಿಬಿಟ್ಟಿತು. ದೊಡ್ಡವರ ಕೋರ್ಸುಗಳಲ್ಲಿ ಏರು ಒಟ್ಟು ಉದ್ದದ ಶೇಕಡಾ 4 ಮೀರದಂತೆ ನೋಡಿಕೊಂಡೆ. ಕಂಟ್ರೋಲುಗಳು ಒಂದೇ ಬಗೆಯ ಜಾಗದಲ್ಲಿದ್ದರೆ ಅವುಗಳ ನಡುವೆ 60 ಮೀಟರಾದರೂ ಅಂತರ ಬೇಕೆಂಬ ನಿಯಮವನ್ನೂ ಪಾಲಿಸಿದೆ. ಗೆರೆಗಳನ್ನೆಲ್ಲ ಪರ್ಪಲ್ ಪೆನ್ ಎಂಬ ಉಚಿತ ತಂತ್ರಾಂಶದಲ್ಲಿ ಎಳೆದು ಮುದ್ರಿಸಿಕೊಂಡು ಟೇಪ್ ಕಟ್ಟಲು ಹೊರಟೆ.

ಟೇಪ್ ಕಟ್ಟುವುದೆಂದರೆ, ಕಂಟ್ರೋಲ್ ಇಡಬೇಕಾದ ಪ್ರತಿ ಜಾಗದಲ್ಲೂ ಅದರ ಸಂಖ್ಯೆ ಬರೆದ ಬಣ್ಣದ ಪಟ್ಟಿಯೊಂದನ್ನು ವಾರಗಳ ಮೊದಲೇ ಕೊಂಬೆಗೆ ಕಟ್ಟಿ ಬರುವುದು. ಆಮೇಲೆ ಕಂಟ್ರೋಲರ್ ಎಂಬ ಹಿರಿಯರು, ಸೆಟ್ಟರನ್ನು ಜೊತೆಗೆ ಕರೆದುಕೊಳ್ಳದೆ, ಕೇವಲ ನಕ್ಷೆ ಹಿಡಿದು ಒಂದೊಂದನ್ನೂ ಹುಡುಕಿ ಪರೀಕ್ಷಿಸುತ್ತಾರೆ. ಸಂಖ್ಯೆಗಳು 31ರಿಂದ ಆರಂಭವಾಗುತ್ತವೆ. ಕೋರ್ಸಿನ ಕ್ರಮಸಂಖ್ಯೆಯೊಂದಿಗೆ ಗೊಂದಲವಾಗಬಾರದೆಂದು ಸಣ್ಣ ಸಂಖ್ಯೆಗಳನ್ನು ಬಳಸುವುದಿಲ್ಲ. ನನ್ನ 47ನೆಯದು ಒಂದು ಕೊರಕಲಿನ ನೆತ್ತಿಯಲ್ಲಿತ್ತು. ವಾಟರ್ ರೇಸ್ ಗುಂಟ ಪೂರ್ವದಿಂದ ಬಂದರೆ ಅದು ಮೂರನೆಯ ಕೊರಕಲು. ಕಾಲುವೆಯನ್ನು ಮಳೆನೀರು ಕೊಚ್ಚಿಕೊಂಡು ಹೋದ ಜಾಗಗಳನ್ನು ಎಣಿಸುತ್ತ ಬಂದೆ, ಒಂದು, ಎರಡು, ಮೂರು, ಮೇಲಕ್ಕೆ ಹತ್ತಿ ಟೇಪ್ ಕಟ್ಟಿದೆ. ಅದಾದ ಮೇಲೆ ಬೇರೆ ಕೆಲಸಗಳಿಗಾಗಿ ಮೂರು ಬಾರಿ ಅಲ್ಲಿಗೆ ಹೋಗಿದ್ದೆ. ಪ್ರತಿ ಬಾರಿಯೂ ಟೇಪ್ ನಾನು ಕಟ್ಟಿದಲ್ಲೇ ಇತ್ತು, ಅದನ್ನು ಕಂಡು ಪ್ರತಿ ಬಾರಿಯೂ ನನಗೆ ಸಮಾಧಾನವಾಗಿತ್ತು.

ಕಂಟ್ರೋಲರ್ ಆಗಿ ಬಂದವರು ಎಪ್ಪತ್ತರ ಹತ್ತಿರದ ಮಹಿಳೆ. ಆ ಶನಿವಾರ ನಾನು ಇನ್ನೊಂದು ಬದಿಯಲ್ಲಿ ಪಾರ್ಕಿಂಗ್ ಜಾಗ ಅಳೆಯುತ್ತಿದ್ದಾಗ ಅವರ ಫೋನ್ ಬಂತು.

“47ರಲ್ಲಿ ಟೇಪ್ ಇಲ್ಲವಲ್ಲ.”

ಯಾರೋ ಕಿತ್ತಿರಬೇಕೆಂದು ಬೈದುಕೊಂಡು ಅಲ್ಲಿಗೆ ಓಡಿದೆ. ಟೇಪ್ ಇತ್ತು. ಫೋನ್ ಮಾಡಿ, “ನಾನು ಟೇಪಿನ ಪಕ್ಕದಲ್ಲೇ ನಿಂತಿದ್ದೇನೆ” ಎಂದೆ.

“ನಾನು ಟೇಪ್ ಇರಬೇಕಾದ ಜಾಗದಲ್ಲಿ ನಿಂತಿದ್ದೇನೆ,” ಎಂದರು.

ಫೋನ್ ಇಟ್ಟು ಅವರು ಜೋರಾಗಿ ‘ಕೂಈ’ ಎಂದು ಕೂಗಿದರು. ಕಾಡಿನಲ್ಲಿ ಒಬ್ಬರನ್ನೊಬ್ಬರು ಕರೆಯುವ ಈ ಕೂಗು ಸಿಡ್ನಿ ಭಾಗದ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಹೊಲದಿಂದ ಹೊಲಕ್ಕೆ ಕೂ ಹಾಕುವುದನ್ನು ಕೇಳಿ ಬೆಳೆದ ನನಗೆ ಅದಕ್ಕೆ ಅರ್ಥ ಬೇಕಿರಲಿಲ್ಲ. ಕೂಗು ಪಶ್ಚಿಮದಿಂದ, ಗುಡ್ಡದ ಏಣಿನ ಆಚೆಯಿಂದ ಬಂತು. ದಾಟಿ ಹೋದರೆ, ಎಂಬತ್ತು ಮೀಟರ್ ಆಚೆ ಇನ್ನೊಂದು ಕೊರಕಲಿನ ನೆತ್ತಿಯಲ್ಲಿ ಅವರು ಬ್ಯಾಗಿನ ಮೇಲೆ ಕುಳಿತು ಫ್ಲಾಸ್ಕಿನಿಂದ ಚಹಾ ಸುರಿದುಕೊಳ್ಳುತ್ತಿದ್ದರು. ಆದರೂ ನಾನು ವಾದಿಸಿದೆ. ಅವರು ವಾದಿಸಲಿಲ್ಲ; ಇಬ್ಬರೂ ಕೆಳಗಿನ ದಾರಿ ಕವಲೊಡೆಯುವಲ್ಲಿಗೆ ಇಳಿದು, ಅಲ್ಲಿಂದ ದಿಕ್ಸೂಚಿ ಹಿಡಿದು ಹೆಜ್ಜೆ ಎಣಿಸಿಕೊಂಡು ಹತ್ತೋಣ ಎಂದರಷ್ಟೆ. ಹತ್ತಿದೆವು. ಅವರ ಚಹಾದ ಜಾಗಕ್ಕೇ ಬಂದು ಮುಟ್ಟಿದೆವು.

ಕಾರಣ ಆಮೇಲೆ ತಿಳಿಯಿತು. ಮೊದಲನೆಯ ಮತ್ತು ಎರಡನೆಯ ಕೊರಕಲಿನ ನಡುವೆ ನಕ್ಷೆಯಲ್ಲಿಲ್ಲದ ಒಂದು ತಗ್ಗು ನೆಲದಲ್ಲಿದೆ. 5 ಮೀಟರಿಗೊಂದು ರೇಖೆ ಎಳೆಯುವ ನಕ್ಷೆಯಲ್ಲಿ ಅಷ್ಟು ಆಳವಿಲ್ಲದ ತಗ್ಗು ಎರಡು ರೇಖೆಗಳ ನಡುವೆ ಅಡಗಿ ಹೋಗುತ್ತದೆ. ಆದರೆ ಅಲ್ಲಿಯೂ ನೀರು ಕಾಲುವೆಯನ್ನು ಕೊಚ್ಚಿತ್ತು, ನಾನು ಅದನ್ನೂ ಎಣಿಸಿದ್ದೆ. ನೆಲದ ಮೂರನೆಯದು ನಕ್ಷೆಯ ಎರಡನೆಯದು. ನನ್ನನ್ನು ಹೆಚ್ಚು ಕಾಡಿದ್ದು ಎಣಿಕೆಯ ತಪ್ಪಲ್ಲ, ಆ ಮೂರು ಭೇಟಿಗಳು. ನಾನು ಹೋಗಿ ನೋಡಿದ್ದು ಟೇಪನ್ನು, ಕೊರಕಲನ್ನಲ್ಲ. ಮೊದಲ ಸಲ ಬಂದ ದಾರಿಯಲ್ಲೇ ಬಂದು ಮೊದಲ ಸಲದ ತಪ್ಪನ್ನೇ ಮತ್ತೆ ಮತ್ತೆ ದೃಢಪಡಿಸಿಕೊಂಡಿದ್ದೆ. ಆ ಸಂಜೆ ಉಳಿದ ಎಲ್ಲ ಟೇಪುಗಳಿಗೂ ಬೇರೆ ದಿಕ್ಕಿನಿಂದ, ಬೇರೆ ಗುರುತಿನಿಂದ ಹೊರಟು ಹೋಗಿ ನೋಡಿದೆ. ಇನ್ನೊಂದು ಟೇಪನ್ನು ಹನ್ನೆರಡು ಮೀಟರ್ ಸರಿಸಬೇಕಾಯಿತು.

ಇಷ್ಟಾದ ಮೇಲೂ ಸ್ಪರ್ಧೆಯ ದಿನ ಒಂದು ಎಡವಟ್ಟು ಉಳಿದಿತ್ತು. ಓಟಗಾರರು ಬೆರಳಿಗೆ ಸಿಕ್ಕಿಸಿಕೊಳ್ಳುವ ಸ್ಪೋರ್ಟ್‌ಐಡೆಂಟ್ ಕಡ್ಡಿಯನ್ನು ಪ್ರತಿ ಕಂಟ್ರೋಲಿನ ಪೆಟ್ಟಿಗೆಗೆ ಚುಚ್ಚಿದರೆ ಸಂಖ್ಯೆ ಮತ್ತು ಸಮಯ ದಾಖಲಾಗುತ್ತವೆ. ಕಬ್ಬಿಣದ ಗೂಟ, ಬಾವುಟಗಳನ್ನು ಹಿಂದಿನ ದಿನವೇ ನೆಟ್ಟಿದ್ದೆವು. ಕಳುವಿನ ಭಯಕ್ಕೆ ಪೆಟ್ಟಿಗೆಗಳನ್ನು ಮಾತ್ರ ಅಂದಿನ ಬೆಳಗಿನ ಮಬ್ಬುಗತ್ತಲಲ್ಲಿ ತಲೆಗೆ ದೀಪ ಕಟ್ಟಿಕೊಂಡು ಸಿಕ್ಕಿಸುತ್ತ ಹೋದೆ. ನೆಲದ ಮೇಲೆ ಹಿಮ, ಬೆರಳುಗಳಿಗೆ ಸ್ಪರ್ಶವೇ ಇಲ್ಲ. ಹತ್ತು ಗಂಟೆಗೆ ಓಟ ಆರಂಭವಾಯಿತು. ಮೊದಲು ಮುಗಿಸಿ ಬಂದವನ ಕಡ್ಡಿಯನ್ನು ಓದಿದ ಕಂಪ್ಯೂಟರು ಅವನು 38 ಮತ್ತು 36ನ್ನು ತಪ್ಪಿಸಿದ್ದಾನೆ ಎಂದಿತು. ಅವನು ಪ್ರತಿಭಟಿಸಿದ, ನಾನು ನಂಬಲಿಲ್ಲ. ಎರಡನೆಯವಳಿಗೂ ಅದೇ. ಮೂರನೆಯವನಿಗೂ ಅದೇ ಬಂದಾಗ ನನ್ನ ಕಿವಿ ಬಿಸಿಯಾಯಿತು: ಎರಡು ಪೆಟ್ಟಿಗೆಗಳನ್ನು ಅದಲುಬದಲು ಸಿಕ್ಕಿಸಿದ್ದೆ. ಬಾವುಟಗಳು ಸರಿಯಾದ ಜಾಗದಲ್ಲೇ ಇದ್ದುದರಿಂದ ಯಾರ ಓಟವೂ ಕೆಡಲಿಲ್ಲ. ತಂತ್ರಾಂಶದಲ್ಲಿ ಎರಡು ಸಂಖ್ಯೆಗಳನ್ನು ಬದಲಿಸಿದ್ದೇ ಸರಿಹೋಯಿತು. ಮೊದಲನೆಯವನ ಬಳಿ ಕ್ಷಮೆ ಕೇಳಿದೆ.

ಗೆದ್ದವರು ಯಾರೆಂಬುದು ಸಂಘಟಕನಿಗೆ ಕೊನೆಯ ಚಿಂತೆ. ಹೊರಟವರೆಲ್ಲ ಮರಳಿದರೇ ಎಂಬುದೇ ಮೊದಲನೆಯದು. ಅದಕ್ಕಾಗಿಯೇ, ಅರ್ಧಕ್ಕೆ ಬಿಟ್ಟವರೂ ಮುಕ್ತಾಯದ ಗುಡಾರಕ್ಕೆ ಬಂದು ಕಡ್ಡಿ ಓದಿಸಿಯೇ ಹೋಗಬೇಕೆಂದು ಎಲ್ಲರಿಗೂ ಹೇಳುತ್ತೇವೆ. ಶೀಟಿ ಕೊಂಡೊಯ್ಯಿರಿ, ದಿಕ್ಕು ತಪ್ಪಿದರೆ ದಕ್ಷಿಣಕ್ಕೆ ನಡೆಯಿರಿ, ರಸ್ತೆ ಸಿಗುತ್ತದೆ ಎಂದೂ ಹೇಳುತ್ತೇವೆ. ಒಂದು ಗಂಟೆಗೆ ಕೋರ್ಸು ಮುಚ್ಚಿದಾಗ ಪಟ್ಟಿಯಲ್ಲಿ ಒಬ್ಬರು ಬಾಕಿ. ಫೋನ್ ಎತ್ತುತ್ತಿಲ್ಲ. ಶಾಫ್ಟ್‌ಗಳ ನೆನಪು ಬಂದು ಹೊಟ್ಟೆ ಕಲಸಿತು. ಅವರ ಕೋರ್ಸಿನ ಕೊನೆಯ ಅರ್ಧವನ್ನು ಎರಡು ದಿಕ್ಕಿನಿಂದ ಹುಡುಕಲು ಇಬ್ಬರನ್ನು ಕಳುಹಿಸಿ, ಪೊಲೀಸರಿಗೆ ಕರೆ ಮಾಡುವ ಗಳಿಗೆಯನ್ನು ಎರಡೂವರೆಗೆಂದು ಗೊತ್ತು ಮಾಡಿಕೊಂಡೆವು. ಅಷ್ಟರಲ್ಲಿ ಕಂಟ್ರೋಲರ್ ಕಾರುಗಳ ಸಾಲಿನಲ್ಲಿ ಒಂದೊಂದೇ ಕಿಟಕಿಗೆ ಇಣುಕುತ್ತ ಹೋಗಿ, ಕಾಲು ಉಳುಕಿತೆಂದು ನೇರವಾಗಿ ಕಾರಿಗೆ ಬಂದು, ಶೂ ಬಿಚ್ಚಿ, ಹೀಟರ್ ಹಾಕಿಕೊಂಡು ನಿದ್ದೆ ಹೋಗಿದ್ದ ಆ ಓಟಗಾರರನ್ನು ಎಬ್ಬಿಸಿದರು. ಈಗ ನಾನು ಹುಡುಕುವವರನ್ನು ಕಾಡಿಗೆ ಕಳುಹಿಸುವ ಮೊದಲು ಕಾರುಗಳನ್ನು ನೋಡುತ್ತೇನೆ.

ಕಂಟ್ರೋಲುಗಳನ್ನು ಕಿತ್ತು ತರುವ ಕೆಲಸ ಕತ್ತಲಾಗುವುದರೊಳಗೆ ಮುಗಿಯಿತು. 47ನ್ನು ನಾನೇ ತಂದೆ.

ಮರುವಾರ ನಕ್ಷೆ ರಚಿಸಿದವರಿಗೆ ಪತ್ರ ಬರೆದು, ಆ ಲೆಕ್ಕಕ್ಕಿಲ್ಲದ ತಗ್ಗನ್ನು ತುಂಡುರೇಖೆಯಲ್ಲಾದರೂ ತೋರಿಸಬೇಕೆಂದು ಕೋರಿದೆ. ಅವರು ಒಂದು ಭಾನುವಾರ ಖುದ್ದಾಗಿ ಬಂದರು. ಇಬ್ಬರೂ ಕಾಲುವೆಗುಂಟ ನಡೆದು ಅಲ್ಲಿಗೆ ಹೋದೆವು. ಅವರು ತಗ್ಗಿನೊಳಗೆ ಇಳಿದು ನಿಂತರು. ಅಂಚು ಅವರ ಸೊಂಟಕ್ಕೂ ಬರಲಿಲ್ಲ. ಇಂಥವನ್ನೆಲ್ಲ ಬರೆಯುತ್ತ ಹೋದರೆ ಓಡುವವರಿಗೆ ನಕ್ಷೆ ಓದಲಾಗುವುದಿಲ್ಲ ಎಂದರು. ನಾನು ಪಟ್ಟು ಹಿಡಿಯಲಿಲ್ಲ. ಹೊಸ ಮುದ್ರಣದಲ್ಲೂ ಅಲ್ಲಿ ಮೂರೇ ಕೊರಕಲುಗಳಿವೆ.